ಕಂತಿನ ಮೇಲೊಂದು ಹೊಲಿಗೆ ಮಿಷನ್ನು

ಸೊರಬದ ಬಸ್‌ಸ್ಟ್ಯಾಂಡಿನ ಹಿಂದೆ ಹೊಲಿಗೆ ಮಿಷನ್ನು ಮಾರುವ ಅಂಗಡಿಯೊಂದಿತ್ತು. ಕಂತಿನ ಮೇಲೂ ಕೊಡುತ್ತಾರೆಂದು ಕೇಳಿ ಹೋದೆ. ಮಾಲೀಕರು ಕೂರಿಸಿ, ನೀರು ಕೊಟ್ಟು, ಯಾವ ಊರಿನವರೆಂದು ವಿಚಾರಿಸಿದರು. ಶಿಕಾರಿಪುರ ಎಂದೆ, ಗಂಡನ ಹೆಸರು ಹೇಳಿದೆ. ಅವರ ಮುಖ ನಿಧಾನಕ್ಕೆ ಬದಲಾಯಿತು.

"ಸೀರೆ ಅಂಗಡಿ ಇತ್ತಲ್ಲ, ಅವರಾ?" ಎಂದರು. ಹೌದೆಂದೆ. "ಒಬ್ರು ಜಾಮೀನುದಾರರನ್ನ ಕರ್ಕೊಂಡು ಬನ್ನಿ ಅಕ್ಕಾ. ಆಮೇಲೆ ನೋಡನ."

ಅದು ತೊಂಬತ್ತರ ದಶಕದ ನಡುಭಾಗ. ಅದಕ್ಕೆ ಕೆಲವು ವರ್ಷ ಮೊದಲು ಶಿಕಾರಿಪುರದಲ್ಲಿ ನಮ್ಮದೊಂದು ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ನನ್ನವರು ಪಕ್ಕದ ಮಳಿಗೆಯನ್ನೂ ಹಿಡಿದು, ಗಾಜಿನ ಬಾಗಿಲು ಹಾಕಿಸಿ, ಮದುವೆ ಕಾಲಕ್ಕೆಂದು ಸಾಲದ ಮೇಲೆ ಮಾಲು ತುಂಬಿಸಿದರು. ಜನ ಮದುವೆ ಜವಳಿಗೆ ದಾವಣಗೆರೆಯ ಬಸ್ಸು ಹತ್ತಿದರು. ಒದ್ದಾಡುವಷ್ಟು ಒದ್ದಾಡಿ, ಕೊನೆಗೆ ಸಾಲ ತೀರಿಸಲಾಗದೆಂದು ಕೋರ್ಟಿಗೆ ಅರ್ಜಿ ಹಾಕಿದೆವು. ಅಂಗಡಿ ನಮ್ಮಿಬ್ಬರ ಪಾಲುದಾರಿಕೆಯಲ್ಲಿದ್ದುದರಿಂದ ಇಬ್ಬರನ್ನೂ ದಿವಾಳಿಯೆಂದು ಘೋಷಿಸಿದರು. ಅಂಗಡಿ, ಮನೆ, ತವರಿನವರು ಹಾಕಿದ್ದ ಬಳೆ, ಎಲ್ಲ ಹೋಯಿತು. ಇನ್ನಷ್ಟು ಕಾಲದ ಮೇಲೆ ಕೋರ್ಟು ನಮ್ಮನ್ನು ಬಿಡುಗಡೆಯನ್ನೂ ಮಾಡಿತು. ಹಳೆಯ ಸಾಲಕ್ಕೆ ಇನ್ನು ಯಾರೂ ಹಿಡಿಯುವಂತಿಲ್ಲ, ಹೊಸದಾಗಿ ಬದುಕಿ ಎಂದರು ವಕೀಲರು. ಜನರ ಬಾಯಲ್ಲಿ ಮಾತ್ರ ನಾವು ದಿವಾಳಿ ಎದ್ದವರಾಗಿಯೇ ಉಳಿದೆವು.

ಸೊರಬಕ್ಕೆ ಬಂದು ಹಿಟ್ಟಿನ ಗಿರಣಿಯ ಹಿಂದೆ ಒಂದು ಕೋಣೆ ಹಿಡಿದೆವು. ಗಿರಣಿ ಓಡುವಾಗ ಗೋಡೆ ನಡುಗುತ್ತಿತ್ತು, ಒಣಹಾಕಿದ ಬಟ್ಟೆಯ ಮೇಲೆಲ್ಲ ಹಿಟ್ಟು ಕೂರುತ್ತಿತ್ತು. ನಾನು ಸೀರೆಗೆ ಫಾಲ್ಸು ಹಚ್ಚುತ್ತ, ರವಿಕೆಗೆ ಹೆಮ್ಮಿಂಗ್ ಮಾಡುತ್ತ ಕೈಹೊಲಿಗೆಯಲ್ಲೇ ದಿನ ದೂಡುತ್ತಿದ್ದೆ. ಅದರಲ್ಲಿ ಬಾಡಿಗೆಯೂ ಹುಟ್ಟುತ್ತಿರಲಿಲ್ಲ. ಮಿಷನ್ನಿದ್ದರೆ ರವಿಕೆಯನ್ನೇ ಹೊಲಿಯಲು ಕೊಡುತ್ತೇವೆಂದು ಅಕ್ಕಪಕ್ಕದವರು ಹೇಳುತ್ತಿದ್ದರು.

ಊರಿನಲ್ಲಿ ಉದ್ರಿ ಇಲ್ಲದೆ ಬದುಕುವವರೇ ಆಗ ಇರಲಿಲ್ಲ. ನೌಕರರಿಗೆ ಸಂಬಳದವರೆಗೆ, ರೈತರಿಗೆ ಸುಗ್ಗಿಯವರೆಗೆ ಅಂಗಡಿಯವರು ಕೇಳದೆಯೇ ಬರೆದುಕೊಳ್ಳುತ್ತಿದ್ದರು. ನಾನು ಹೋದರೆ, ಸಕ್ಕರೆ ತೂಗುವ ಮೊದಲು ನನ್ನ ಕೈ ನೋಡುತ್ತಿದ್ದರು.

ಜಾಮೀನು ಹುಡುಕಿ ಹೊರಟೆ. ಬಂದಳಿಕೆಯ ಹತ್ತಿರ ಹೊಲ ಮಾಡಿಕೊಂಡಿದ್ದ ಅಣ್ಣ ಊಟ ಹಾಕಿಸಿದ, ದಾರಿಗೆ ರೊಟ್ಟಿ ಕಟ್ಟಿಸಿದ. ಜಾಮೀನಿನ ಮಾತು ಬಂದಾಗ, ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆ ಎಂದ. ಪಹಣಿಗೂ ಹೊಲಿಗೆ ಮಿಷನ್ನಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಸಾಲ ಕೇಳಿದ್ದಕ್ಕೆ ಬ್ಯಾಂಕಿನವರು ನಿಂತಲ್ಲೇ ಮಾತು ಮುಗಿಸಿದರು. ಚಂದ್ರಗುತ್ತಿಗೆ ಮದುವೆಯಾಗಿ ಹೋಗಿದ್ದ ಗೆಳತಿ, ಗಂಡ ಒಪ್ಪುವುದಿಲ್ಲವೆಂದು ಬಾಗಿಲಲ್ಲೇ ಅತ್ತಳು. ಅವಳನ್ನು ಸಮಾಧಾನ ಮಾಡಿ ನಾನೇ ವಾಪಸು ಬಂದೆ.

ನನ್ನವರು ಮಾತು ಬಿಟ್ಟಿದ್ದರು. ಗಡ್ಡ ಬೋಳಿಸುವುದನ್ನೂ ಬಿಟ್ಟಿದ್ದರು. ಚಂದ್ರಗುತ್ತಿಯಿಂದಲೂ ಬರಿಗೈಯಲ್ಲಿ ಬಂದೆನೆಂದು ಹೇಳಿದ ಮರುದಿನ, ಹಾಸಿಗೆ ಸುತ್ತಿಟ್ಟು ಹೊರಗೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಬಸ್‌ಸ್ಟ್ಯಾಂಡಿಗೆ ಓಡಿದೆ. ಗುರುತಿದ್ದ ಕಂಡಕ್ಟರೊಬ್ಬರು, ಅಂಬ್ಲಿಗೊಳಕ್ಕೆ ಬಸ್ಸು ಯಾವುದೆಂದು ನಿಮ್ಮವರು ಕೇಳುತ್ತಿದ್ದರು ಎಂದರು. ಅಂಬ್ಲಿಗೊಳದಲ್ಲಿ ನಮ್ಮವರು ಯಾರೂ ಇಲ್ಲ. ಇರುವುದು ಡ್ಯಾಮಿನ ನೀರು. ಬಸ್ಸು ಬದಲಿಸಿ ಅಲ್ಲಿಗೆ ಹೋಗಿ ಮುಟ್ಟುವವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ.

ಅವರು ಏರಿಯ ಮೇಲೆ ಚಪ್ಪಲಿ ಬಿಚ್ಚಿಟ್ಟು ಕೂತಿದ್ದರು. ದೂರದಲ್ಲಿ ಹೆಂಗಸರು ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಪಕ್ಕದಲ್ಲಿ ಹೋಗಿ ಕೂತೆ. ಏನಾದರೂ ತಿಂದಿರಾ ಎಂದೆ. ಅವರು ನೀರಿನ ಕಡೆ ಕೈ ತೋರಿಸಿದರು.

"ನಂಗೆ ಈಜು ಬರುತ್ತಲ್ಲೇ."

ಅದನ್ನು ಒಂದು ದೂರು ಹೇಳುವಂತೆ ಹೇಳಿದರು. ನಾನು ಅವರ ತೋಳು ಹಿಡಿದೆ. ಬಸ್ಸಿನಲ್ಲಿ ಜನ ನೋಡುತ್ತಿದ್ದರೂ ಸೊರಬದವರೆಗೆ ಬಿಡಲಿಲ್ಲ.

ಮರುದಿನ ಅವರನ್ನು ಗಿರಣಿಯ ಯಜಮಾನರ ಕಣ್ಣೆದುರು ಕೂರಿಸಿ, ಶಿಕಾರಿಪುರಕ್ಕೆ ಹೋದೆ. ನಮಗೆ ಮಾಲು ಕೊಟ್ಟು ಎಲ್ಲರಿಗಿಂತ ಹೆಚ್ಚು ಕಳೆದುಕೊಂಡ ಜವಳಿ ಸಾವ್ಕಾರರೊಬ್ಬರು ಅಲ್ಲಿದ್ದರು. ಕೋರ್ಟಿನಲ್ಲಿ ನಮ್ಮ ಅರ್ಜಿಗೆ ತಕರಾರು ಹಾಕಿದ್ದವರೂ ಅವರೇ. ಅವರ ಹತ್ತಿರ ಹೋಗುವುದು ಹುಚ್ಚೆಂದು ನನಗೆ ಗೊತ್ತಿತ್ತು. ಬೇರೆ ಬಾಗಿಲು ಉಳಿದಿರಲಿಲ್ಲ.

ಗಾದಿಯ ಮೇಲೆ ಕೂತಿದ್ದ ಅವರು ನಾನು ಹೇಳಿದ್ದನ್ನೆಲ್ಲ ಕೇಳಿದರು.

"ನನ್ ರೊಕ್ಕ ಮುಳುಗಿಸಿದೋರು ನನ್ ಹತ್ರನೇ ಜಾಮೀನು ಕೇಳಾಕೆ ಬಂದೀರಲ್ಲ," ಎಂದರು. ದನಿ ಏರಿಸಲಿಲ್ಲ. "ಕೋರ್ಟು ಬಿಟ್ಟಿರಬಹುದು. ನಾ ಬಿಟ್ಟಿಲ್ಲ ತಂಗಿ."

ಹೊರಡಲು ಎದ್ದೆ. ನಿಂತಲ್ಲೇ ಹಿಂದಿನ ದಿನದ ಅಂಬ್ಲಿಗೊಳದ ಸಂಗತಿಯನ್ನು ಹೇಳಿಬಿಟ್ಟೆ. ಅವರ ಮನಸ್ಸು ಕರಗಲೆಂದಲ್ಲ, ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ ಅನ್ನಿಸಿತ್ತು. ಅಂಗಡಿಗೆ ಬಂದಿದ್ದ ಗಿರಾಕಿಗಳ ಎದುರಿಗೇ ಹೇಳಿದೆ. ಸಾವ್ಕಾರರು ಕೂರುವಂತೆ ಕೈ ಮಾಡಿದರು. ಗಿರಾಕಿಗಳನ್ನು ಮುಗಿಸಿ ಕಳಿಸಿದರು.

"ಜಾಮೀನು ನಿಲ್ಲಲ್ಲ. ಆ ಮಾತು ಬ್ಯಾಡ," ಎಂದರು ಆಮೇಲೆ. "ಆದ್ರೆ ನಿಮ್ ಯಜಮಾನ್ರು ಕೋರ್ಟಿನಾಗೆ ಒಂದ್ ಸುಳ್ಳು ಹೇಳ್ಲಿಲ್ಲ. ಮಾಲು ಬಚ್ಚಿಡ್ಲಿಲ್ಲ. ನಿಮ್ ಬಳೆ ಸೈತ ತಂದಿಟ್ರು. ಆ ಮಿಷನ್ನಿನೋರು ಫೋನ್ ಮಾಡಿ ಕೇಳಿದ್ರೆ ಅಷ್ಟು ಹೇಳ್ತೀನಿ. ಕಂಡಿದ್ದು ಹೇಳಾಕೆ ನನಗೇನು ಕಷ್ಟ ಇಲ್ಲ."

ಸೊರಬದ ಅಂಗಡಿಯವರು ನನ್ನೆದುರಿಗೇ ಫೋನು ಮಾಡಿದರು. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಇವರು ಹೂಂ, ಹೂಂ ಎನ್ನುತ್ತ ಮೇಜಿನ ಮೇಲಿದ್ದ ಬಾಬಿನ್ನನ್ನು ಉರುಳಿಸುತ್ತಿದ್ದರು. ಫೋನಿಟ್ಟು, ಅರ್ಧ ದುಡ್ಡು ಮುಂಗಡ ಕೊಟ್ಟರೆ ಉಳಿದರ್ಧಕ್ಕೆ ಕಂತು ಮಾಡಿಕೊಡುತ್ತೇನೆ, ಜಾಮೀನು ಬೇಡ ಎಂದರು. ಉಡುವ ಬಟ್ಟೆಯೆಂದು ಕೋರ್ಟು ಬಿಟ್ಟಿದ್ದ ನನ್ನ ಮದುವೆಯ ರೇಷ್ಮೆ ಸೀರೆಗಳನ್ನು ಮಾರಿ ಮುಂಗಡ ಕಟ್ಟಿದೆ.

ಸಾಲ ಹುಟ್ಟಿದ ದಿನ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಸಹಿ ಹಾಕುವಾಗ ಅಕ್ಷರ ಸೊಟ್ಟಗಾದವು. ಮತ್ತೆ ಸಾಲಗಾರಳಾದೆ, ಮತ್ತೆ ತಪ್ಪಿದರೆ ಈ ಸಲ ಅಂಬ್ಲಿಗೊಳದ ಏರಿಯಿಂದ ವಾಪಸು ಬರುವುದಾಗುವುದಿಲ್ಲ ಅನ್ನಿಸಿತು. ಕಂತಿನ ದಿನ ಹತ್ತಿರ ಬಂದರೆ ಡಬ್ಬಿಯ ದುಡ್ಡನ್ನು ಮತ್ತೆ ಮತ್ತೆ ಎಣಿಸುತ್ತಿದ್ದೆ. ಮೈಯಲ್ಲಿ ಜ್ವರ ಇಟ್ಟುಕೊಂಡೂ ಪೆಡಲು ತುಳಿದಿದ್ದೇನೆ. ಹೊಲಿದದ್ದನ್ನು ಮನೆಮನೆಗೆ ಮುಟ್ಟಿಸಲು ನನ್ನವರು ಒಂದು ದಿನ ತಾವಾಗಿಯೇ ಚೀಲ ತೆಗೆದುಕೊಂಡರು. ಗಡ್ಡ ಬೋಳಿಸಿಕೊಂಡು ಹೊರಟಿದ್ದರು. ಶಿಕಾರಿಪುರದ ಕಡೆಗೆ ಮಾತ್ರ ಅವರು ಮತ್ತೆಂದೂ ಮುಖ ಹಾಕಲಿಲ್ಲ.

ಕೊನೆಯ ಕಂತು ತೀರಿದ ಮೇಲೆ ನಾನೊಬ್ಬಳೇ ಸಾವ್ಕಾರರನ್ನು ನೋಡಲು ಹೋದೆ. ಒಂದು ಕಂತೂ ತಪ್ಪಲಿಲ್ಲವೆಂದು ಹೇಳಿದೆ. ತಲೆಯಾಡಿಸಿ ಚಹಾ ತರಿಸಿದರು.

"ಛಲೋ ಆತು," ಎಂದರು. ಲೋಟ ನನ್ನ ಕಡೆ ಸರಿಸಿ ಕೇಳಿದರು, "ನಂದು?"

ಕೊಡುತ್ತೇವೆ ಎಂಬ ಮಾತು ಬಾಯಿಯವರೆಗೆ ಬಂತು. ಅದೇ ಮಾತನ್ನು ಅದೇ ಗಾದಿಯ ಎದುರು ನನ್ನವರು ಎಷ್ಟು ಸಲ ಹೇಳಿದ್ದರೋ. ನಾನು ಹೇಳಲಿಲ್ಲ. ಮುಂದಿನ ವರ್ಷಗಳಲ್ಲಿ ಕೈಲಾದಾಗ ಕೈಲಾದಷ್ಟು ಒಯ್ದು ಕೊಟ್ಟೆ, ಅವರು ಸುಮ್ಮನೆ ತೆಗೆದುಕೊಂಡರು. ಅದು ಪೂರ್ತಿ ತೀರಲಿಲ್ಲ. ಆ ದಿನ ಮಾತ್ರ ತಲೆ ತಗ್ಗಿಸಿ ಚಹಾ ಕುಡಿದು, ಲೋಟವನ್ನು ನಾನೇ ಅಂಗಡಿಯ ಹಿತ್ತಲಿಗೆ ಒಯ್ದು ತೊಳೆದಿಟ್ಟು ಬಂದೆ.