ಜ್ವರವಿಲ್ಲದ ಕೂಸು

ಮೊನ್ನೆ ಪಕ್ಕದ ಮನೆಯಾಕೆ, ಡಾಕ್ಟರು ಮಗುವಿಗೆ ಬರೆದುಕೊಟ್ಟ ಪುಡಿ ಔಷಧಿಯ ಬಾಟಲಿ ತಂದು, ಕಲಸಿಕೊಡಿ ಎಂದರು. ಕಾಯಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ, ಕುಲುಕಿ, ಮುಚ್ಚಳ ತೆಗೆದೆ. ಕಿತ್ತಳೆಯದೆಂದು ಹೇಳಿಕೊಳ್ಳುವ ಆ ಸಿಹಿ ವಾಸನೆ... ನಾನು ಚನ್ನಗಿರಿಯಲ್ಲಿ ನರ್ಸಾಗಿದ್ದಾಗಿನ ಅಜ್ಜಿಯೊಬ್ಬರು ಎದುರಿಗೆ ಬಂದು ಕೂತಂತಾಯಿತು.

ಸೂಳೆಕೆರೆ ಕಡೆಯ ಹಳ್ಳಿಯವರು. ತೀರಾ ಸೊರಗಿದ ಮಕ್ಕಳನ್ನು ಇರಿಸಿಕೊಳ್ಳುವ ನಮ್ಮ ವಾರ್ಡಿಗೆ ಒಂದೂವರೆ ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಬಂದಿದ್ದರು. ಮಗುವಿನ ತಾಯಿ, ಅಂದರೆ ಇವರ ಮಗಳು, ಮನೆಯಲ್ಲಿ ಹಸಿ ಬಾಣಂತಿ. ಕೂಸಿನ ತೋಳಿಗೆ ಸುತ್ತಿದ ಅಳತೆ ಪಟ್ಟಿ ಕೆಂಪು ಗುರುತಿನಲ್ಲೇ, ಅಂದರೆ ಅಪಾಯದ ಮಟ್ಟದಲ್ಲೇ, ನಿಂತಿತು. ಅದು ಅಳುತ್ತಿರಲಿಲ್ಲ. ಸೂಜಿ ಚುಚ್ಚಿದರೂ ಮುಖ ಕಿವುಚಿ ಸುಮ್ಮನಾಗುತ್ತಿತ್ತು.

"ನಮ್ ಕೂಸು ಬಾಳ ಒಳ್ಳೇದು ರೀ ಸಿಸ್ಟರ್, ಗಲಾಟೇನೇ ಇಲ್ಲ" ಎಂದು ಅಜ್ಜಿ ಹೆಮ್ಮೆಯಿಂದ ಹೇಳುತ್ತಿದ್ದರು.

ಡಾಕ್ಟರು ಮೊದಲ ದಿನವೇ ಹಾಲಿನ ಆಹಾರದ ಜೊತೆ ಇದೇ ವಾಸನೆಯ ಆ್ಯಂಟಿಬಯೋಟಿಕ್ ಬರೆದಿದ್ದರು. ಮರುದಿನ ಬೆಳಿಗ್ಗೆ ಕುಡಿಸಲು ಹೋದರೆ ಅಜ್ಜಿ ಕೈ ಅಡ್ಡ ಹಿಡಿದರು.

"ಮೈ ಮುಟ್ಟಿ ನೋಡ್ರಿ, ತಣ್ಣಗೈತೆ. ಜ್ವರಾನೇ ಇಲ್ಲ ಅಂದ್ಮೇಲೆ ಔಷಧಿ ಯಾಕೆ? ಹೊಟ್ಟಿಗೆ ಮನ್ಯಾಗೂ ಹಾಕ್ತೀವಿ, ಕಳಿಸ್ರಿ ನಮ್ಮನ್ನ."

ಬಟ್ಟೆಯ ಚೀಲ ಆಗಲೇ ಕಟ್ಟಿಟ್ಟಿದ್ದರು. ನಾನು ಪಕ್ಕದಲ್ಲಿ ಕೂತು, ನನಗೆ ಕಲಿಸಿದ್ದನ್ನೇ ಹೇಳಿದೆ. "ಅಜ್ಜೀ, ಜ್ವರ ಬರಾಕೂ ಮೈಯಾಗೆ ಶಕ್ತಿ ಬೇಕು. ಇಷ್ಟು ಸೊರಗಿದ್ರೆ ಒಳಗೆ ಸೋಂಕು ಇದ್ರೂ ಮೈ ಬಿಸಿ ಆಗದೇ ಇರಬಹುದು. ಅದಕ್ಕೇ ಜ್ವರ ಬರಲಿ ಅಂತ ಕಾಯಲ್ಲ ನಾವು."

ಅವರು ಕೂಸಿನ ಹಣೆ, ಅಂಗಾಲು ಮತ್ತೆ ಮುಟ್ಟಿ ನೋಡಿದರು.

"ಹಂಗಾದ್ರೆ ಕೂಸು ಸುಮ್ನೈತೆ ಅಂದ್ರೆ ಆರಾಮೈತೆ ಅಂತ ಅಲ್ಲ?"

ಅಲ್ಲ ಎಂದೆ. ಕೈ ತೆಗೆದರು.

ಅಂದಿನಿಂದ ಔಷಧಿಯ ಹೊತ್ತನ್ನು ಅವರೇ ನನಗೆ ನೆನಪಿಸುತ್ತಿದ್ದರು. ಮಗು ಉಗುಳಿದರೆ ಬೇಸರಿಸದೆ ಕೆನ್ನೆಯ ಒಳಗೆ ತೊಟ್ಟು ತೊಟ್ಟಾಗಿ ಬಿಡುತ್ತಿದ್ದರು. ಮೂರನೆಯ ದಿನ ಮಧ್ಯಾಹ್ನ, ಕೂಸಿನ ಬಟ್ಟೆ ಮಡಚುತ್ತಾ, ನನ್ನತ್ತ ನೋಡದೆ ಹೇಳಿದರು. "ಇವಳ ಅವ್ವಗಿಂತ ಮುಂಚೆ ನನಗೊಬ್ಬಳು ಇದ್ಲು. ಅವಳೂ ಹಿಂಗೇ, ಸುಮ್ನೆ ಮಲಗಿರೋಳು. ಜ್ವರ ಇಲ್ಲಲ್ಲ, ನಾಳೆ ನೋಡಾನ, ನಾಳೆ ನೋಡಾನ ಅಂತ..."

ಅಷ್ಟರಲ್ಲಿ ಇನ್ನೊಂದು ಹಾಸಿಗೆಯವರು ಕರೆದರು. ನಾನು ಎದ್ದು ಹೋದೆ.

ವಾರ ಕಳೆದಿತ್ತು. ಒಂದು ಬೆಳಿಗ್ಗೆ ಖಾಲಿ ಬಟ್ಟಲನ್ನು ತೆಗೆದದ್ದೇ ತಡ, ಕೂಸು ಇಡೀ ವಾರ್ಡು ತಿರುಗಿ ನೋಡುವಂತೆ ಕಿರುಚಿ ಅತ್ತಿತು. ಇನ್ನೂ ಬೇಕಿತ್ತು ಅದಕ್ಕೆ. ನಾನು ಎತ್ತಿಕೊಳ್ಳಲು ಓಡಿದೆ.

"ಬ್ಯಾಡ ಸಿಸ್ಟರ್, ಅಳ್ಲಿ ಬಿಡ್ರಿ" ಎಂದರು ಅಜ್ಜಿ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು. "ಸ್ವಲ್ಪ ಹೊತ್ತು ಅಳ್ಲಿ..."

ಆಮೇಲೆ ನನಗೆ ಜಗಳೂರಿಗೆ ವರ್ಗವಾಯಿತು. ಹೋದ ವರ್ಷ ಚನ್ನಗಿರಿಯ ಬಸ್ ನಿಲ್ದಾಣದಲ್ಲಿ ಆ ಕೂಸಿನ ತಾಯಿ, ಬಿಡುಗಡೆಯ ನಂತರ ತಪಾಸಣೆಗೆ ಅದನ್ನು ಕರೆತರುತ್ತಿದ್ದವಳು, ಗುರುತು ಹಿಡಿದು ಮಾತಾಡಿಸಿದಳು. ಪಕ್ಕದಲ್ಲಿ ಅದೇ ಕೂಸು, ಈಗ ಎರಡು ಜಡೆಯ, ಶಾಲೆಯ ಸಮವಸ್ತ್ರದ ಹುಡುಗಿ. "ಅವ್ವ ಹೋಗಿ ಎರಡು ವರ್ಷ ಆತು ಸಿಸ್ಟರ್" ಎಂದಳು.

ಈಗಲೂ ತಾಯಂದಿರಿಗೆ ನಾನು ಜ್ವರದ ಆ ಮಾತನ್ನೇ ವಿವರಿಸುತ್ತೇನೆ, ವಿವರಿಸಲೇಬೇಕು. ಆದರೆ ನನ್ನ ಆ ಮಾತು ಅಜ್ಜಿಯ ಮೊಮ್ಮಗಳನ್ನು ಉಳಿಸಿತು, ಸತ್ತ ಮಗಳನ್ನು ಮತ್ತೆ ಎದುರಿಗೆ ತಂದಿಟ್ಟಿತು. ನಿಮಗೆ ಗೊತ್ತಿರಲಿಲ್ಲ ಅಜ್ಜೀ, ಯಾರೂ ನಿಮಗೆ ಹೇಳಿರಲಿಲ್ಲ, ಅದು ನಿಮ್ಮ ತಪ್ಪಲ್ಲ... ಇಷ್ಟು ಹೇಳಬಹುದಿತ್ತು. ಎರಡು ವಾರ ನನ್ನ ಕಣ್ಣೆದುರೇ ಇದ್ದರು. ನಾನು ಹೇಳಲಿಲ್ಲ.