ಗುಳಿಗೆ ಕೊಡಿಸಿದ ಜೋಳದ ರೊಟ್ಟಿ

ಹೋದ ವರ್ಷ ಯುಗಾದಿ ಮುಗಿದ ಮರುವಾರ. ಗಜೇಂದ್ರಗಡದಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿರುವ ನನ್ನನ್ನು, ಕೆಲವು ವರ್ಷ ಸುಮ್ಮನಿದ್ದ ರಕ್ತದ ಕ್ಯಾನ್ಸರ್ ಮತ್ತೆ ವಿಚಾರಿಸಿಕೊಳ್ಳಲು ಬಂದಿತ್ತು. ನಿಧಾನವಾಗಿ ಬೆಳೆಯುವ ಜಾತಿಯದು. ಅವಸರದ ಸ್ವಭಾವ ಅದಕ್ಕೂ ಇಲ್ಲ, ನನಗೂ ಇಲ್ಲ. ಈ ಸಲ ಮನೆಯಲ್ಲೇ ನುಂಗುವ ಹೊಸ ಗುಳಿಗೆ ಇದೆಯೆಂದೂ, ಆದರೆ ಅದಕ್ಕೆ ರೋಗಿ ಯೋಗ್ಯನೇ ಎಂದು ಮೊದಲು ನೋಡಬೇಕೆಂದೂ ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಮದುವೆಯ ನಂತರ ನನ್ನ ಯೋಗ್ಯತೆಯನ್ನು ಯಾರೂ ಅಧಿಕೃತವಾಗಿ ಪರೀಕ್ಷಿಸಿರಲಿಲ್ಲ.

ಪಕ್ಕದ ಮನೆಯ ದಾವಲಸಾಬ ತನ್ನ ಕಾರಿನಲ್ಲಿ ನನ್ನನ್ನೂ ಹೆಂಡತಿ ಗಂಗವ್ವನನ್ನೂ ಕರೆದೊಯ್ದ. ಗಂಗವ್ವ ಅಂಗಳದಲ್ಲಿ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಆದರೂ ದವಾಖಾನೆಯ ಬಾಗಿಲಲ್ಲಿ ಗಾಲಿಕುರ್ಚಿ ತರಿಸಿ, ನಡೆಯಬಲ್ಲ ನನ್ನನ್ನು ಅದರಲ್ಲಿ ಪ್ರತಿಷ್ಠಾಪಿಸಿದಳು. ರೋಗಿಯನ್ನು ನಡೆಸಿಕೊಂಡು ಬಂದರೆ ನೋಡಿದವರು ಏನಂದಾರು?

ಡಾಕ್ಟರು ರಕ್ತ, ಮೂತ್ರಪಿಂಡ, ಹೃದಯದ ವರದಿಗಳನ್ನೆಲ್ಲ ನೋಡಿ ಸಮಾಧಾನದಿಂದ ತಲೆಯಾಡಿಸಿದರು. ಆಮೇಲೆ ಗಾಲಿಕುರ್ಚಿ ನೋಡಿದರು.

“ಇವರು ಮನ್ಯಾಗ ಏನೇನ್ ಕೆಲಸಾ ಮಾಡ್ತಾರ್ರಿ?”

“ಅಯ್ಯ, ಒಂದ ಕಡ್ಡಿ ಎತ್ತಗೊಡಂಗಿಲ್ರಿ ನಾ,” ಎಂದಳು ಗಂಗವ್ವ ಹೆಮ್ಮೆಯಿಂದ. “ಹಾಸಗಿ ಮ್ಯಾಲೆ ಇರ್ತಾರ. ಅಲ್ಲೇ ಚಾ, ಅಲ್ಲೇ ಊಟ.”

ಡಾಕ್ಟರ ಪೆನ್ನು ನಿಂತಿತು. “ಹಂಗಾದ್ರ ತ್ರಾಸ ಐತ್ರಿ ಅಮ್ಮಾರ. ಎದ್ದು ಓಡಾಡೋರಿಗೆ ಈ ಗುಳಿಗಿ ಕೊಡ್ತೇವಿ. ಪೂರ್ತಿ ಹಾಸಗಿ ಹಿಡದೋರ ಮೈ ತಡಕೊಳ್ಳೋದು ಕಷ್ಟ. ಬ್ಯಾರೆ ವಿಚಾರ ಮಾಡಬೇಕಾಕ್ಕತಿ.”

ಗಂಗವ್ವನ ಮುಖ ಬಿಳಿಚಿಕೊಂಡಿತು. ಪತಿಸೇವೆಯ ಕೀರ್ತಿ ನನ್ನ ಗುಳಿಗೆಯನ್ನೇ ನುಂಗುವುದರಲ್ಲಿತ್ತು. ಅವಳು ನನ್ನನ್ನು ನೋಡಿದಳು. ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದ ದಾವಲಸಾಬನನ್ನು ನೋಡಿದೆ. ಅವನೆದುರು ನಿಜ ಹೇಳಿದರೆ ಸಂಜೆಯೊಳಗೆ ಇಡೀ ಪೇಟೆಗೆ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ಡಾಕ್ಟರ ಕಣ್ಣು ಪ್ಲಾಸ್ಟರಿನ ಮೇಲೆ ಬಿತ್ತು. “ಮತ್ತ ಮನ್ಯಾಗ ರೊಟ್ಟಿ ಯಾರ್ ಬಡೀತಾರ್ರಿ?”

ನಾನು ಗಾಲಿಕುರ್ಚಿಯಿಂದ ಎದ್ದು ನಿಂತೆ.

“ನಾನ ಬಡೀತೇನ್ರಿ,” ಎಂದೆ, ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳುವವನ ಗಾಂಭೀರ್ಯದಿಂದ. “ಕಸಾ ಹೊಡೀತೇನಿ, ನೀರು ತುಂಬತೇನಿ. ಎಲ್ಲಾ ಬಾಗಲಾ ಹಾಕ್ಕೊಂಡು.”

ದಾವಲಸಾಬ ಗೋಡೆ ಹಿಡಿದು ನಕ್ಕ. “ಅಣ್ಣಾರ, ಅದು ನೀವೇನ್ರಿ! ಅಕ್ಕಾರ ಕೈ ಮುರದ ಮ್ಯಾಲೆ ರೊಟ್ಟಿ ಸಪ್ಪಳಾ ಭಾಳ ಜೋರ್ ಆಗೇತಿ ಅಂತ ನಮ್ಮಾಕಿ ದಿನಾ ಹೇಳತಿದ್ಲು!”

“ದುಂಡಗ ಬರತಾವೇನ್ರಿ?” ಡಾಕ್ಟರು ಕೇಳಿದರು.

ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಸುಳ್ಳ ಯಾಕ ಹೇಳ್ಲಿ, ನನಗಿಂತ ತೆಳ್ಳಗ ಬಡೀತಾರ್ರಿ.”

ಡಾಕ್ಟರು ನನ್ನನ್ನು ವರಾಂಡದ ತುದಿಯವರೆಗೆ ನಡೆಸಿ ನೋಡಿ, ನಗುತ್ತಲೇ ಗುಳಿಗೆ ಬರೆದುಕೊಟ್ಟರು. ಖಾಲಿ ಗಾಲಿಕುರ್ಚಿಯನ್ನು ನಾನೇ ಬಾಗಿಲವರೆಗೆ ತಳ್ಳಿಕೊಂಡು ಬಂದೆ.

ಈಗ ವರದಿಗಳು ಚೆನ್ನಾಗಿ ಬರುತ್ತಿವೆ. ಗಂಗವ್ವನ ಕೈ ಕೂಡಿ ಎಷ್ಟೋ ತಿಂಗಳಾಯಿತು. ಹಿಟ್ಟು ನಾದುವ ಪರಾತ ಮಾತ್ರ ನನ್ನ ಹತ್ತಿರವೇ ಉಳಿದಿದೆ. ಬೀಗರು ಬಂದರೂ ಅವಳು ಬಾಗಿಲು ಹಾಕುವುದಿಲ್ಲ. “ರೊಟ್ಟಿ ಇವರ ಮಾಡೋದ್ರಿ” ಎಂದು ಮೊದಲೇ ಸಾರಿಬಿಡುತ್ತಾಳೆ. ಅಂಗೈ ಕೆಳಗೆ ರೊಟ್ಟಿ ದುಂಡಗೆ ತಿರುಗುವಾಗ, ಇವತ್ತಿಗೂ ನಾನು ಯೋಗ್ಯನೇ ಎಂದು ಒಳಗೊಳಗೇ ಹಿಗ್ಗುತ್ತೇನೆ.

ಎಂದಾದರೂ ತಡವಾದರೆ ಗೋಡೆಯಾಚೆಯಿಂದ ದಾವಲಸಾಬ ಕೂಗುತ್ತಾನೆ: “ಅಣ್ಣಾರ, ಇನ್ನೂ ಸಪ್ಪಳಿಲ್ಲ?”

ನಾನು ಬಾಯಿಂದ ಉತ್ತರ ಕೊಡುವುದಿಲ್ಲ. ಎರಡು ಏಟು ಜೋರಾಗಿ ಬಡಿಯುತ್ತೇನೆ.