ಬಲಗೈಯ ಅರ್ಧ ತೊಟ್ಟಿಲು

ಹೀರಾಬಾಯಿಯ ಕುಪ್ಪಸದ ಬಲತೋಳು ಎಡತೋಳಿಗಿಂತ ಉದ್ದವಿತ್ತು. ಎಡಗಡೆಯದು ಮೊಣಕೈಯ ಮೇಲೆಯೇ ನಿಲ್ಲುತ್ತಿತ್ತು, ಬಲಗಡೆಯದು ಮಣಿಕಟ್ಟಿನವರೆಗೆ ಇಳಿಯುತ್ತಿತ್ತು. ಯಾರು ಹೊಸ ಕುಪ್ಪಸ ಕೊಟ್ಟರೂ ಬಲತೋಳಿಗೆ ಹಳೆ ಸೀರೆಯ ತುಂಡೊಂದನ್ನು ಕೂಡಿಸಿ ಹೊಲಿದ ಮೇಲೆಯೇ ಅವಳು ತೊಡುತ್ತಿದ್ದುದು. ಅವಳ ಕೈ ಎಂದೋ ಸುಟ್ಟಿರಬೇಕು ಎಂದು ಗೊಬ್ಬೂರಿನ ಮಕ್ಕಳಾದ ನಾವು ತಿಳಿದಿದ್ದೆವು. ಊರಿನ ಹೆಂಗಸರಿಗೆ ನಿಜ ಗೊತ್ತಿತ್ತು, ಆದರೆ ಅವಳ ಎದುರಿಗೆ ಯಾರೂ ಆಡುತ್ತಿರಲಿಲ್ಲ. ಆ ತೋಳಿನ ಒಳಗೆ ಅರ್ಧಕ್ಕೆ ನಿಂತ ಒಂದು ಹಚ್ಚೆಯಿತ್ತು.

ಹಚ್ಚೆ ಹಾಕುವುದೇ ಅವಳ ಕಸುಬು. ಕೊರವರ ಮನೆಯವಳು. ಗಂಡ ಚಂದಪ್ಪ ಈಚಲು ಗರಿಯಿಂದ ಬುಟ್ಟಿ, ಕಸಬರಿಗೆ ಹೆಣೆಯುತ್ತಿದ್ದ. ಇವಳು ಬಿದಿರಿನ ಸಣ್ಣ ನಳಿಗೆಯಲ್ಲಿ ಸೂಜಿ ಇಟ್ಟುಕೊಂಡು ಊರೂರು ತಿರುಗುತ್ತಿದ್ದಳು. ದೀಪದ ಕಪ್ಪನ್ನು ಬಾಣಂತಿಯ ಎದೆಹಾಲಿನಲ್ಲಿ ಕಲಸಿ, ದಾರದಿಂದ ಕಟ್ಟಿದ ಸೂಜಿಗಳನ್ನು ಅದರಲ್ಲಿ ಅದ್ದಿ ಚುಚ್ಚುವಳು. ಮುಗಿದ ಮೇಲೆ ಅರಿಷಿಣ, ಹರಳೆಣ್ಣೆ ಹಚ್ಚುವಳು.

ನಮ್ಮ ಅವ್ವ ಶಿವಕಾಂತಾಳ ಎಡಗೈ ಪೂರ್ತಿ ಹೀರಾಬಾಯಿಯ ಕೆಲಸ. ಮಣಿಕಟ್ಟಿನ ಮೇಲೆ ಲಿಂಗ, ಅದರ ಬದಿಗೆ ಬಿಲ್ವದ ಎಲೆ. ಅದರ ಮೇಲೆ ಚೇಳು. ಹೊಲದಲ್ಲಿ ಕಲ್ಲಿನ ಸಂದಿಗೆ ಕೈ ಹಾಕುವವರಿಗೆ ಚೇಳು ಇರಲೇಬೇಕು, ತನ್ನವರನ್ನು ಕಂಡು ನಿಜವಾದ ಚೇಳು ದಾರಿ ಬಿಡುತ್ತದೆ ಎಂಬುದು ಹೀರಾಬಾಯಿಯ ಮಾತು. ಹೆಬ್ಬೆರಳಿನ ಬುಡದಲ್ಲಿ ಐದು ಬೊಟ್ಟುಗಳಿದ್ದವು. ಕೆಲವು ಮನೆಗಳಲ್ಲಿ ಅವನ್ನು ಪಾಂಡವರು ಎನ್ನುತ್ತಿದ್ದರು, ಕೆಲವರು ತವರಿನ ಅಣ್ಣತಮ್ಮಂದಿರು ಎನ್ನುತ್ತಿದ್ದರು.

"ಎರಡರಾಗ ಖರೇದು ಯಾವುದು ಬೇ?" ಎಂದು ಅವ್ವ ಒಮ್ಮೆ ಕೇಳಿದ್ದಳಂತೆ.

"ನಿಮ್ಮ ಕೈಮ್ಯಾಗ ಕುಂತ ಮ್ಯಾಲ ಅವು ನಿಮ್ಮವರಿ ಅವ್ವಾರ. ನಿಮಗ ಯಾರು ಬೇಕೋ ಅವರನ್ನ ಎಣಸ್ಕೋರಿ" ಎಂದಿದ್ದಳು ಹೀರಾಬಾಯಿ.

ಆ ಕಸುಬಿಗೆ ಅದರದೇ ಆದ ಕೆಲವು ಕಟ್ಟುಪಾಡುಗಳಿದ್ದವು. ಒಂದು, ಸೂಜಿ ಚರ್ಮದಲ್ಲಿ ಇರುವತನಕ ಹಾಕಿಸಿಕೊಳ್ಳುವವಳು ಹಾಕುವವಳನ್ನು ಏನು ಬೇಕಾದರೂ ಬೈಯಬಹುದು. ನೋವು ಬಾಯಿಂದ ಹೊರಗೆ ಹೋಗಬೇಕು, ಆ ಬೈಗುಳಕ್ಕೆ ಪಾಪವಿಲ್ಲ. ಅವ್ವ ಮೆತ್ತಗಿನ ಹೆಣ್ಣುಮಗಳು. ಅವಳೂ ಚೇಳು ಹಾಕಿಸಿಕೊಳ್ಳುವಾಗ "ನಿನ್ನ ಕೈ ಸೇದಿ ಹೋಗ್ಲಿ, ಮೂಳಿ! ನಿನ್ನ ಗಂಡಗ ಹುಚ್ಚನಾಯಿ ಕಡೀಲಿ!" ಎಂದು ಕೂಗಿದ್ದಳಂತೆ. "ಅನ್ರಿ, ಅನ್ರಿ. ಇನ್ನ ಕೊಂಡಿ ಉಳದದ, ಛಲೋದೊಂದು ಬೈಗಳ ಅದಕ್ಕ ಇಟ್ಕೋರಿ" ಎಂದು ಹೀರಾಬಾಯಿ ನಗುತ್ತ ಚುಚ್ಚಿದ್ದಳು. ಇನ್ನೊಂದು ಕಟ್ಟು ಇದಕ್ಕಿಂತ ಬಿಗಿ: ಒಬ್ಬಳು ಶುರು ಮಾಡಿದ ಚಿತ್ರವನ್ನು ಇನ್ನೊಬ್ಬಳು ಮುಗಿಸಬಾರದು. ಶುರು ಮಾಡಿದ ಕೈಯೇ ಮುಗಿಸಬೇಕು.

ಹೀರಾಬಾಯಿಗೆ ದ್ರೌಪದಿ ಎಂಬ ಅಕ್ಕನಿದ್ದಳು. ತಾಯಿ ಬೇಗ ಸತ್ತಿದ್ದರಿಂದ ಅಕ್ಕನೇ ಇವಳನ್ನು ಸಾಕಿ, ಕಸುಬು ಕಲಿಸಿದಳು. ಮಕ್ಕಳಾಗಲಿಲ್ಲವೆಂದು ದ್ರೌಪದಿಯನ್ನು ಗಂಡನ ಮನೆಯವರು ಕಳಿಸಿಬಿಟ್ಟಿದ್ದರು. ಆಮೇಲೆ ಅಕ್ಕತಂಗಿಯರು ಕೂಡಿಯೇ ತಿರುಗಿದರು. ಹೀರಾಬಾಯಿಗೆ ಚಂದಪ್ಪನ ಜೊತೆ ಮದುವೆಯಾದ ಮೇಲೂ ಅದು ನಿಲ್ಲಲಿಲ್ಲ. ಅಕ್ಕ ಚುಚ್ಚುವಳು, ತಂಗಿ ಹಾಡುತ್ತ ಹುಡುಗಿಯರ ಕೈ ಅದುಮಿ ಹಿಡಿಯುವಳು. ಬಾಣಂತಿಯ ಮನೆಗೆ ಹೋಗಿ ಹಾಲು ಕೇಳಿ ತರುವ ಕೆಲಸ ಮಾತ್ರ ಯಾವಾಗಲೂ ತಂಗಿಯದು. ಅಷ್ಟು ಹೊತ್ತು ದ್ರೌಪದಿ ಬೇವಿನ ಗಿಡದ ಕೆಳಗೆ ಸೂಜಿ ತೊಳೆಯುತ್ತ ಕೂಡುವಳು. ಅವಳು ಬಾಣಂತಿಯ ಹೊಸ್ತಿಲು ತುಳಿದರೆ ಜನ ಏನನ್ನುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಆಡಿದವರಲ್ಲ.

ಎಪ್ಪತ್ತರ ದಶಕದ ನಡುವೆ ಹೀರಾಬಾಯಿ ಬಸಿರಾದಳು. "ನಿನಗ ತೊಟ್ಟಿಲ ನಾನೇ ಹಾಕ್ತೇನಿ" ಎಂದು ದ್ರೌಪದಿಯೇ ಹೇಳಿದಳು. ಚೊಚ್ಚಲ ಬಸಿರಿಯ ಬಲಗೈ ಒಳಮಗ್ಗುಲಲ್ಲಿ ತೊಟ್ಟಿಲು ಹಾಕುವುದು ಅವರಲ್ಲಿ ಪದ್ಧತಿ. ಮೊದಲು ಮೇಲೊಂದು ಕೊಂಡಿ, ಅದರಿಂದ ಇಳಿಯುವ ಎರಡು ಸರಪಳಿ, ಕೆಳಗೆ ತೊಟ್ಟಿಲು. ಕಡೆಗೆ ತೊಟ್ಟಿಲಿನ ಒಳಗೆ ಒಂದು ಬೊಟ್ಟು. ಅದು ಕೂಸು.

ದಿನ ತುಂಬುತ್ತ ಬಂದಾಗ, ಅಮಾವಾಸ್ಯೆಯ ಮರುದಿನ ಘತ್ತರಗಿಯಲ್ಲಿ, ಭೀಮೆಯ ದಂಡೆಯ ಮೇಲೆ ಇಬ್ಬರೂ ಕೂತರು. ಅಮಾವಾಸ್ಯೆಗೆಂದು ಭಾಗ್ಯವಂತಿಯ ಗುಡಿಗೆ ಬಂದ ಜನ ಚದುರಿದ್ದರು. ಕೊಂಡಿಯಾಯಿತು, ಸರಪಳಿಗಳಾದವು. ಕೈಯ ಒಳಮಗ್ಗುಲು ಎಳೆ ಚರ್ಮ, ನೋವು ಹೆಚ್ಚು. ಹೀರಾಬಾಯಿ ಬೈಯತೊಡಗಿದಳು. ಅಕ್ಕನ ಮೂಗಿಗೆ, ನಡಿಗೆಗೆ, ಹಾಕಿದ ಎಲೆ ಅಡಿಕೆಗೆ ಬೈದಳು. ದ್ರೌಪದಿ ನಗುತ್ತಲೇ ಚುಚ್ಚುತ್ತಿದ್ದಳು. ತೊಟ್ಟಿಲಿನ ಮೊದಲ ಗೆರೆಗೆ ಸೂಜಿ ಇಟ್ಟಾಗ ಹೀರಾಬಾಯಿ ಚೀರಿದಳು:

"ತೊಟ್ಟಿಲ ತೂಗಿದಾಕಿ ಕೈಲೆ ಹಾಕಿಸ್ಕೊಂಡಿದ್ರ ಇಷ್ಟು ನೋವಾಗ್ತಿದ್ದಿಲ್ಲ, ಬಂಜಿ!"

ದ್ರೌಪದಿಯ ಕೈ ನಿಂತಿತು. ಸೂಜಿಯನ್ನು ತೆಗೆದು ಸೆರಗಿಗೆ ಒರೆಸಿ, ನಳಿಗೆಯಲ್ಲಿಟ್ಟು, ನಳಿಗೆಯನ್ನು ತಂಗಿಯ ಮಡಿಲಿಗೆ ಹಾಕಿ ಎದ್ದಳು.

"ಯಕ್ಕಾ, ಸೂಜಿ ಚರ್ಮದಾಗ ಇತ್ತಲ್ಲ!" ಎಂದಳು ಹೀರಾಬಾಯಿ ಗಾಬರಿಯಾಗಿ.

"ಇತ್ತು. ಬೈಗಳಾಗಿದ್ರ ಬಿಡ್ತಿದ್ದೆ ಬೇ. ಅದು ಬೈಗಳಲ್ಲ."

ಹೊಳೆಗೆ ಕೈ ತೊಳೆಯಲು ಹೋಗಿರಬೇಕೆಂದು ಹೀರಾಬಾಯಿ ಸಂಜೆತನಕ ಕಾದಳು. ದ್ರೌಪದಿ ಮರಳಿ ಬರಲಿಲ್ಲ. ಕೆಲವು ತಿಂಗಳ ನಂತರ ಸುದ್ದಿ ಬಂತು. ಅವಳು ಜೇವರ್ಗಿಯಲ್ಲಿ ಹೆಂಡತಿ ಸತ್ತ ಮಲ್ಕಪ್ಪ ಎಂಬ ಹಮಾಲನ ಮನೆ ಸೇರಿದ್ದಾಳೆ, ಅವನ ಮಗ ಶಿವರಾಯನನ್ನು ಸಾಕುತ್ತಿದ್ದಾಳೆ, ಸೂಜಿ ಮುಟ್ಟುವುದಿಲ್ಲ.

ಅಷ್ಟರಲ್ಲಿ ಹೀರಾಬಾಯಿ ಹೆಣ್ಣುಕೂಸು ಹೆತ್ತಿದ್ದಳು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಬರುವ ಮೊದಲೇ ಆ ಕೂಸು ಹೋಯಿತು. ಮಾತಾಡಿಸಲು ಬಂದ ಹೆಂಗಸರ ಕಣ್ಣು ಅವಳ ಬಲಗೈ ಮೇಲೆ ನಿಲ್ಲುತ್ತಿತ್ತು. ಕೊಂಡಿ ಇದೆ, ಸರಪಳಿಗಳಿವೆ, ತೊಟ್ಟಿಲಿಲ್ಲ. ಆ ವಾರವೇ ಅವಳು ಕುಪ್ಪಸಕ್ಕೆ ತುಂಡು ಬಟ್ಟೆ ಕೂಡಿಸಿದ್ದು. ಮತ್ತೆ ಅವಳು ಬಸಿರಾಗಲಿಲ್ಲ.

ಆಳಂದದ ಕಡೆ ಹಚ್ಚೆ ಹಾಕುವವಳೊಬ್ಬಳಿದ್ದಾಳೆ, ಅವಳ ಕೈಯಿಂದ ಮುಗಿಸಿಬಿಡು ಎಂದು ಚಂದಪ್ಪ ಎಷ್ಟೋ ಸಲ ಹೇಳಿದ. "ಅಕ್ಕ ಶುರು ಮಾಡ್ಯಾಳ, ಅಕ್ಕನೇ ಮುಗಸಬೇಕು" ಎನ್ನುವುದೊಂದೇ ಅವಳ ಉತ್ತರ. ಬಂದು ಮುಗಿಸು ಎಂದು ಜೇವರ್ಗಿ ಸಂತೆಗೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿದಳು. ಅವರು ಮರಳಿ ಬಂದು, "ಕೇಳಿದಳು ನೋಡು, ಏನೂ ಅನ್ನಲಿಲ್ಲ" ಎಂದರು. ಅಕ್ಕನ ಸಿಟ್ಟು ಇಳಿದಿಲ್ಲವೆಂದು ಹೀರಾಬಾಯಿ ತಿಳಿದಳು. ತಾನಾಗಿ ಹೋಗಿ ಎದುರಿಗೆ ನಿಲ್ಲುವ ಧೈರ್ಯ ಬರಲಿಲ್ಲ.

ಚಂದಪ್ಪ ಸತ್ತ ಮೇಲೆ ಅವಳು ಪೂರ್ತಿ ಒಂಟಿಯಾದಳು. ಜೊತೆಗೆ ಹಾಡುವವರಿಲ್ಲ, ಹುಡುಗಿಯರ ಕೈ ಹಿಡಿಯುವವರಿಲ್ಲ. ತಾನೇ ತನ್ನ ಮೊಣಕಾಲಿನಡಿ ಅವರ ಕೈ ಅದುಮಿಕೊಂಡು ಚುಚ್ಚುತ್ತಿದ್ದಳು. ಹುಡುಗಿಯರೂ ಕಡಿಮೆಯಾದರು. ಶಾಲೆಗೆ ಹೋಗುವವರಿಗೆ ಹಚ್ಚೆ ಎಂದರೆ ನಾಚಿಕೆ. ಘತ್ತರಗಿಯಲ್ಲಿ ಬ್ಯಾಟರಿಯ ಮಷಿನ್ ಇಟ್ಟುಕೊಂಡ ಹುಡುಗನೊಬ್ಬ ಬಂದು ಕೂತ. ಗಂಡಸರು ಅವನಲ್ಲಿ ಹೆಸರು ಬರೆಸಿಕೊಂಡರು. ಹೀರಾಬಾಯಿ ಅಲ್ಲೇ ಬೇವಿನ ಗಿಡದ ಕೆಳಗೆ ನಳಿಗೆ ಮುಂದಿಟ್ಟುಕೊಂಡು ಕೂತಿರುತ್ತಿದ್ದಳು. ಎಷ್ಟೋ ದಿನ ಸೂಜಿ ಬಿಚ್ಚದೆಯೇ ನಡೆದುಕೊಂಡು ಊರಿಗೆ ಬರುತ್ತಿದ್ದಳು.

ಎಂಬತ್ತರ ದಶಕದ ಕೊನೆಯಲ್ಲಿ ಜೇವರ್ಗಿಯಿಂದ ಬಂದವರೊಬ್ಬರು ಅವ್ವನ ಎದುರಿಗೇ ಅವಳಿಗೆ ಹೇಳಿದರು: "ನಿಮ್ಮ ದ್ರೌಪದಿಗೆ ಕಣ್ಣಾಗ ಪೊರಿ ಬಂದದ. ಒಂದು ಕಣ್ಣು ಹೋಗ್ಯಾದ, ಇನ್ನೊಂದರಾಗ ಮಬ್ಬು ಮಬ್ಬು ಕಾಣ್ತದಂತ."

ಹೀರಾಬಾಯಿ ತನ್ನ ಬಲತೋಳನ್ನು ಹಿಡಿದುಕೊಂಡು ಕೂತಳು.

"ಇನ್ನೂ ಏನ್ ನೋಡ್ತಿ ಬೇ?" ಎಂದಳು ಅವ್ವ. "ಆಕಿ ಕಣ್ಣು ಪೂರಾ ಹೋದ್ರ ನಿನ್ನ ಕೈ ಹಂಗೇ ಉಳೀತದ. ಬೈಸ್ಕೊಂಡ್ರ ಬೈಸ್ಕೋ, ಹೋಗು."

ಮರುದಿನ ಬೆಳಿಗ್ಗೆ ಅವಳು ಗುಲಬರ್ಗಾ ಬಸ್ಸು ಹತ್ತಿದಳು, ಅಲ್ಲಿಂದ ಜೇವರ್ಗಿಯ ಬಸ್ಸು. ಅಲ್ಲಿ ನಡೆದುದನ್ನು ಆಮೇಲೆ ಅವಳೇ ಅವ್ವನಿಗೆ ಹೇಳಿದಳು, ಅವ್ವ ನನಗೆ ಹೇಳಿದಳು.

ಬಸ್‌ಸ್ಟ್ಯಾಂಡಿನ ಹಿಂದೆ ಶಿವರಾಯನ ಸೈಕಲ್ ಪಂಚರ್ ಅಂಗಡಿ, ಅದರ ಹಿಂದೆಯೇ ಮನೆ. ಮಲ್ಕಪ್ಪ ಎಂದೋ ತೀರಿಕೊಂಡಿದ್ದ. ದ್ರೌಪದಿ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಹೆಜ್ಜೆಯ ಸಪ್ಪಳಕ್ಕೆ ಮೊರ ನಿಲ್ಲಿಸಿದಳು.

"ಯಾರವರು?"

"ನಾ, ಯಕ್ಕಾ. ಹೀರಾ."

ದ್ರೌಪದಿ ಮೊರವನ್ನು ಕೆಳಗಿಟ್ಟಳು. "ಉಂಡಿಯೇನ್?" ಎಂದಳು.

"ಉಣ್ಣಾಕ ಬಂದಿಲ್ಲ. ಕೈ ಮುಗಿಸಿ ಕೊಡು. ಆವತ್ತು ಅಂದದ್ದಕ್ಕ ನನ್ನ ಬಾಯಾಗ ಹುಳ ಬೀಳಲಿ. ಇಷ್ಟು ವರ್ಷ ಸಿಟ್ಟ ಇಟ್ಕೊಂಡೀದಿ, ಸಾಕು ಮಾಡು."

"ಸಿಟ್ಟು ಒಂದು ತಿಂಗಳೂ ಇರಲಿಲ್ಲ ಬೇ, ಹುಚ್ಚಿ" ಎಂದಳು ದ್ರೌಪದಿ. "ಬರಬೇಕಂತ ಗಂಟು ಕಟ್ಟಿದ್ದೆ. ಅಷ್ಟರಾಗ ನಿನ್ನ ಕೂಸು ಹೋತು ಅಂತ ಸುದ್ದಿ ಬಂತು. ನಾ ಅರ್ಧ ಬಿಟ್ಟು ಬಂದೆ, ಅದಕ್ಕ ಹೋತು. ಯಾವ ಮಾರಿ ತೋರಿಸ್ಲಿ ನಿನಗ? ಅಂಜಿ ಬರಲಿಲ್ಲ."

ಹೀರಾಬಾಯಿ ನಳಿಗೆಯನ್ನು ಅಕ್ಕನ ಕೈಯಲ್ಲಿಟ್ಟಳು. ಅದೇ ಹಳೆಯ ನಳಿಗೆ. ದ್ರೌಪದಿ ಅದನ್ನು ಬೆರಳಿಂದ ತಡವಿ ನೋಡಿ, ಒಳಗೆ ಹೋದಳು. ಶಿವರಾಯನ ಹೆಂಡತಿ ಬಾಣಂತಿ. "ಏ ತಂಗಿ, ಒಂದು ಬಟ್ಟಲಾಗ ನಾಕು ಹನಿ ಹಾಲು ಹಿಂಡಿ ಕೊಡು" ಎಂದು ಅಕ್ಕ ಕೇಳುವುದು ಹೀರಾಬಾಯಿಗೆ ಹೊರಗೆ ಕೇಳಿಸಿತು. ಅಕ್ಕ ಹಾಲು ಕೇಳಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಬಿಸಿಲು ಚೆನ್ನಾಗಿ ಬೀಳುವ ಜಾಗ ಹುಡುಕಿ ಇಬ್ಬರೂ ಕೂತರು. ದ್ರೌಪದಿ ಮುಖವನ್ನು ತಂಗಿಯ ಕೈಯ ಸಮೀಪಕ್ಕೆ ತಂದಳು. ಸರಪಳಿ ಎಲ್ಲಿ ನಿಂತಿದೆಯೋ ಅಲ್ಲಿಗೆ ಹೀರಾಬಾಯಿ ಅಕ್ಕನ ಬೆರಳನ್ನು ಇಟ್ಟು ತೋರಿಸಿದಳು. ಸೂಜಿ ಇಳಿಯಿತು.

"ನೋವಾದ್ರ ಬೈ" ಎಂದಳು ದ್ರೌಪದಿ.

ಹೀರಾಬಾಯಿ ಕೈಯನ್ನು ಇನ್ನಷ್ಟು ಮುಂದೆ ಚಾಚಿದಳು.

"ಬೈಯ್ ಬೇ. ಸುಮ್ಮ ಕುಂತ್ರ ನನ್ನ ಕೈ ಓಡಂಗಿಲ್ಲ."

"ಬೈಗಳ ಎಲ್ಲಾ ಮರತೇನಿ, ಯಕ್ಕಾ."

ಗೆರೆ ಮುಗಿಯುವಷ್ಟರಲ್ಲಿ ದ್ರೌಪದಿಯ ಮಬ್ಬು ಕಣ್ಣಿನಿಂದ ನೀರು ಇಳಿಯುತ್ತಿತ್ತು. ಬೆಳಕಿಗೆ ಹಿಂಗೇ ಆಗ್ತದ ಎಂದು ಒರೆಸಿಕೊಂಡಳು. ಸೂಜಿಯನ್ನು ಮತ್ತೊಮ್ಮೆ ಕಪ್ಪಿನಲ್ಲಿ ಅದ್ದಿ ಹಾಗೇ ಹಿಡಿದು ಕೇಳಿದಳು:

"ಕೂಸು ಇಡ್ಲೇನು?"

"ಇಡು. ಇತ್ತಲ್ಲ, ಹುಟ್ಟಿತ್ತಲ್ಲ."

ದ್ರೌಪದಿ ಚುಚ್ಚಿದಳು.

"ಒಳಗ ಬಿತ್ತೇನ್?"

ಹೀರಾಬಾಯಿ ಕೈಯನ್ನು ಬಿಸಿಲಿಗೆ ಹಿಡಿದು ನೋಡಿಕೊಂಡಳು.

"ಒಳಗ ಬಿತ್ತು, ಯಕ್ಕಾ. ನಟ್ಟ ನಡುವ ಬಿದ್ದದ."

ಆ ರಾತ್ರಿ ಅಲ್ಲೇ ಉಳಿ ಎಂದು ಅಕ್ಕ ಹೇಳಲಿಲ್ಲ. ಒಂದೇ ಕೋಣೆಯ ಮನೆ, ಬಾಣಂತಿ ಬೇರೆ. ಅರಿಷಿಣ ಹಚ್ಚಿ, ರೊಟ್ಟಿ ಕಟ್ಟಿಕೊಟ್ಟು, ಶಿವರಾಯನ ಕೈಯಲ್ಲಿ ಬಸ್ಸು ಹತ್ತಿಸಿದಳು.

ಕೆಲವು ದಿನಗಳ ಮೇಲೆ ಹೀರಾಬಾಯಿ ನಮ್ಮ ಮನೆಗೆ ಬಂದಳು. ಬಲತೋಳು ಇನ್ನೂ ಮಣಿಕಟ್ಟಿನವರೆಗೇ ಇತ್ತು. ಅವ್ವ ಬಾಗಿಲು ಮುಂದೆ ಮಾಡಿ, ತಾನೇ ಆ ತೋಳನ್ನು ಮೇಲಕ್ಕೆ ಸರಿಸಿದಳು. ಹಳೆಯ ಕೊಂಡಿ, ಸರಪಳಿ ಹಸಿರಾಗಿ ಮಾಸಿದ್ದವು. ಹೊಸ ತೊಟ್ಟಿಲು ಕಪ್ಪಗಿತ್ತು, ಅದರ ಒಂದು ಬದಿ ಸರಪಳಿಯನ್ನು ಮುಟ್ಟಿರಲಿಲ್ಲ. ಕೂಸಿನ ಬೊಟ್ಟು ತೊಟ್ಟಿಲಿನ ಕೆಳಗೆ, ಹೊರಗೆ ಬಿದ್ದಿತ್ತು.

"ಹೀರಾ, ಕೂಸು ಹೊರಗ ಅದಲ್ಲ ಬೇ."

"ಹೌದ್ರಿ ಅವ್ವಾರ. ಅಕ್ಕಗ ಕಾಣಲಿಲ್ಲ. ನಾ ಒಳಗ ಅದ ಅಂದು ಬಂದೇನಿ."

ಅವ್ವ, "ಇರ್ಲಿ, ಮುಗೀತಲ್ಲ. ಇನ್ಯಾಕ ಈ ತುಂಡು ಬಟ್ಟಿ? ಬಿಚ್ಚಿ ಹಾಕು, ಬ್ಯಾಸಗಿ ಬಂದದ" ಎಂದಳು.

"ಬ್ಯಾಡ್ರಿ. ಮಂದಿ ಕಂಡ್ರ ಒಬ್ಬರಿಗೊಬ್ಬರು ಅಂತಾರ, ಮಾತು ಜೇವರ್ಗಿ ಮುಟ್ಟತದ. ನೀವೂ ಆ ಕಡಿ ಹೋದಾಗ ಅಕ್ಕ ಕೇಳಿದ್ರ, ಒಳಗೇ ಅದ ಅನ್ರಿ."

ತೋಳನ್ನು ಮಣಿಕಟ್ಟಿನತನಕ ಇಳಿಸಿಕೊಂಡು, ಮನೆಯಲ್ಲಿ ದೀಪದ ಕಪ್ಪು ಇದ್ದರೆ ಕೊಡಿ ಎಂದು ಕೇಳಿದಳು. ಅಮಾವಾಸ್ಯೆ ಹತ್ತಿರ ಬಂದಿತ್ತು, ಘತ್ತರಗಿಗೆ ಹೋಗಿ ಕೂಡಬೇಕಿತ್ತು.